ಮರಳಿನಲ್ಲಿ ಬೆಂದ ಸೇಬು

1995ರಲ್ಲಿ ನಮ್ಮ ಮಗ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದಲ್ಲಿ ಡುಮ್ಕಿ ಹೊಡೆದ. ಪಾಸಾಗಲು ಆಗ 35 ಬೇಕಿತ್ತು, ಬಂದದ್ದು 28. ನಮ್ಮವರು ಬೈಯಲಿಲ್ಲ, ಕೈಯೆತ್ತಲಿಲ್ಲ. ಅವನೊಡನೆ ಮಾತು ಬಿಟ್ಟರು. ದೊಮ್ಮಲೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಪ್ಪ-ಮಗ ಮಾತು ಬಿಟ್ಟರೆ ನಡುವೆ ಇರುವವಳ ಪಾಡೇನು, ನೀವೇ ಹೇಳಿ. ‘ಅವನಿಗೆ ಹೇಳು, ಲೈಟು ಆರಿಸಲಿ.’ ‘ಅಪ್ಪನಿಗೆ ಹೇಳಮ್ಮ, ಯಾರೋ ಬಂದಿದ್ದಾರೆ.’ ನನಗೆ ಅಡುಗೆಯ ಜೊತೆಗೆ ಅಂಚೆಯವನ ಕೆಲಸವೂ ಬಿತ್ತು.

ಹೀಗೆ ಮೂರು ತಿಂಗಳು. ಮನೆಯಲ್ಲಿ ಗಟ್ಟಿಯಾಗಿ ಸದ್ದಾಗುತ್ತಿದ್ದುದು ತಲೆಯ ಮೇಲೆ ವಿಮಾನ ಹಾದಾಗ ಮಾತ್ರ. (ವಿಮಾನ ನಿಲ್ದಾಣ 2008ರಲ್ಲಿ ದೇವನಹಳ್ಳಿಗೆ ಹೋಗುವವರೆಗೂ ನಮ್ಮ ಬಡಾವಣೆಯವರಿಗೆ ಅದೇ ಗಡಿಯಾರ.) ತಪ್ಪೆಲ್ಲ ಅವರದೇ ಎನ್ನಲಾರೆ. ಮಗ ಪುಸ್ತಕ ಬಿಡಿಸಿದರೆ ಸಾಕು, ನಾನು ಬೆನ್ನ ಹಿಂದೆ ನಿಂತು ಇಣುಕುತ್ತಿದ್ದೆ. ಯಾವ ಪುಟ, ಎಷ್ಟನೆಯ ಪಾಠ, ಇನ್ನೂ ಮುಗಿದಿಲ್ಲವೇ? ಮರುಪರೀಕ್ಷೆ ಅವನಿಗೋ ನನಗೋ ಎನ್ನುವ ಹಾಗೆ.

ಎದುರು ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಆಂಗ್ಲೋ-ಇಂಡಿಯನ್ ಹೆಂಗಸು, ಹುಟ್ಟಿ ಬೆಳೆದದ್ದೆಲ್ಲ ದಂಡಿನಲ್ಲಿ. 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿಗೆ ಬಂದಾಗ ಜೊತೆಯಲ್ಲೇ ಬಂದ ಬ್ರೆಡ್ಡು, ಕೇಕುಗಳ ರೂಢಿ ಅವರ ಮನೆಯಲ್ಲಿ ಹಾಗೇ ಉಳಿದಿತ್ತು. ನಾವು ಪೇಟೆಯ ಕಡೆಯವರು. ನಮಗೆ ಬೇಕರಿ ಎಂದರೆ ಅಯ್ಯಂಗಾರ್ ಬೇಕರಿ. 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರುವಾದ ಬೆಂಗಳೂರು ಬ್ರದರ್ಸ್ ಬೇಕರಿಯ ದಾರಿಯಲ್ಲಿ ಬೀದಿಗೊಂದರಂತೆ ಹುಟ್ಟಿಕೊಂಡ ಆ ಅಂಗಡಿಗಳಿರುವಾಗ ಮನೆಯಲ್ಲಿ ಬೇಯಿಸುವ ಗೊಡವೆ ಯಾರಿಗೆ ಬೇಕು?

ಗಣೇಶನ ಹಬ್ಬ ಮುಗಿದಿತ್ತು. ಬಾಗಿನದಲ್ಲಿ ಬಂದ ಸೇಬು, ಪೂಜೆಗೆ ತಂದ ಸೇಬು ಎಲ್ಲ ಸೇರಿ ಬುಟ್ಟಿ ತುಂಬ ಉಳಿದು, ಹಿಟ್ಟುಹಿಟ್ಟಾಗಿ ಯಾರೂ ಮುಟ್ಟದಂತಾಗಿದ್ದವು. ಆಂಟಿ ನೋಡಿ, ‘ಎಸೆಯಬೇಡಿ, ಬೇಯಿಸಿ’ ಎಂದರು. ನಾನು ಪೆನ್ನು ಹುಡುಕುತ್ತಿದ್ದಂತೆ, ‘ನಿಮಗಲ್ಲ, ಅವನಿಗೆ ಹೇಳ್ತೀನಿ’ ಎಂದು ಮಗನನ್ನು ಕರೆದು ಕೂರಿಸಿಕೊಂಡರು. ಹಿಂದೆ ಬೆಂಗಳೂರಿನಲ್ಲೇ ರೋಮ್ ಬ್ಯೂಟಿ ಎಂಬ ಸೇಬು ಬೆಳೆಯುತ್ತಿತ್ತಂತೆ. ಬೇಯಿಸಿದರೂ ಕರಗಿಹೋಗದ ಹಣ್ಣು, ಇಂಥ ತಿಂಡಿಗೆ ಹೇಳಿಮಾಡಿಸಿದ್ದು. ಬಿಳಿ ಉಣ್ಣೆಹೇನಿನ ಕಾಟಕ್ಕೆ ಆ ತೋಟಗಳು ಹಾಳಾದವು. ಲಾಲ್‌ಬಾಗಿನ ಗುಲಾಬಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಈ ಸೇಬನ್ನು ಹೇಗೆ ಮರೆತೆವೋ!

ಮಾಡುವುದು ಸುಲಭ. ನಾಲ್ಕು ಸೇಬಿನ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಕಪ್ಪಾಗದಂತೆ ಅರ್ಧ ನಿಂಬೆಹಣ್ಣು ಹಿಂಡಬೇಕು. ಮೂರು ದೊಡ್ಡ ಚಮಚ ಸಕ್ಕರೆ, ಒಂದು ಸಣ್ಣ ಚಮಚ ಚಕ್ಕೆ ಪುಡಿ ಬೆರೆಸಿ ಐದು ನಿಮಿಷ ಸಣ್ಣ ಉರಿಯಲ್ಲಿ ಬಾಡಿಸಿ. 200 ಗ್ರಾಂ ಮಾರಿ ಬಿಸ್ಕತ್ತೋ ಬೇಕರಿಯ ಬೆಣ್ಣೆ ಬಿಸ್ಕತ್ತೋ ತೆಗೆದುಕೊಂಡು ಬಟ್ಟೆಯಲ್ಲಿ ಕಟ್ಟಿ ಲಟ್ಟಣಿಗೆಯಿಂದ ತರಿತರಿಯಾಗಿ ಜಜ್ಜಿ, 75 ಗ್ರಾಂ ಕರಗಿಸಿದ ಬೆಣ್ಣೆಯಲ್ಲಿ ಕಲಸಿ. ನುಣ್ಣಗಾದರೆ ಕೆಟ್ಟಿತು. ಬೆಣ್ಣೆ ಸವರಿದ ತಟ್ಟೆಯಲ್ಲಿ ಅರ್ಧ ಬಿಸ್ಕತ್ತು, ಮೇಲೆ ಸೇಬು, ಅದರ ಮೇಲೆ ಉಳಿದ ಬಿಸ್ಕತ್ತು. ಮೇಲ್ಪದರ ಕೆಂಪಾಗುವವರೆಗೆ ಬೇಯಿಸಿದರೆ ಮುಗಿಯಿತು. ಅರ್ಧ ಗಂಟೆ ಸಾಕು. ಮೊಟ್ಟೆ ಇಲ್ಲ, ಅಜ್ಜಿಯರೂ ತಿನ್ನಬಹುದು. ನಮ್ಮ ಅಂಗಡಿಗಳಲ್ಲಿ ಚಕ್ಕೆ ಎಂದು ಕೊಡುವ ದಪ್ಪ ತೊಗಟೆ ಹೆಚ್ಚಾಗಿ ಕ್ಯಾಸಿಯಾ ಮರದ್ದು. ನಿಜವಾದ ಸಿಂಹಳದ ದಾಲ್ಚಿನ್ನಿ ತೆಳ್ಳಗೆ, ಪದರಪದರವಾಗಿ ಬೀಡಿಯಂತೆ ಸುತ್ತಿಕೊಂಡಿರುತ್ತದೆ. ಕ್ಯಾಸಿಯಾ ಆದರೂ ಅಡ್ಡಿಯಿಲ್ಲ, ಘಾಟು ಸ್ವಲ್ಪ ಜಾಸ್ತಿ ಅಷ್ಟೆ.

ಭಾನುವಾರ ಸಂಜೆ ಅವನು ಅಡುಗೆಮನೆ ಹೊಕ್ಕ. ನಾನು ಎಂದಿನಂತೆ ಬೆನ್ನ ಹಿಂದೆ. ‘ದಪ್ಪ ಹೆಚ್ಚಿದೀಯಲ್ಲೋ, ಸಕ್ಕರೆ ಸಾಲದು ಕಣೋ...’ ಚಾಕು ಕೆಳಗಿಟ್ಟು ತಿರುಗಿ ನೋಡಿದ. ‘ಅಮ್ಮಾ, ನೀನು ಹೊರಗೆ ಕೂತಿರು. ಕೆಟ್ಟರೆ ನಾನೇ ತಿಂತೀನಿ.’ ಮೂರು ತಿಂಗಳಲ್ಲಿ ಅವನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ನಾನು ಹೊರಗೆ ಬಂದು ಕೂತೆ. ಎಷ್ಟು ಕಷ್ಟವೆಂದು ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ. ಪಾತ್ರೆ ಬಿದ್ದ ಸದ್ದಾದರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ಕೂಗಿದ: ‘ಅಮ್ಮಾ, ಚಕ್ಕೆಗೆ ಈ ವಾಸನೆ ಸಿನ್ನಮಾಲ್ಡಿಹೈಡ್‌ನಿಂದ ಬರೋದು. ಇದೂ ಆಲ್ಡಿಹೈಡೇ ಕಣಮ್ಮ!’ ಆಲ್ಡಿಹೈಡುಗಳ ಪಾಠದಲ್ಲೇ ಅವನು ಜಾರಿಬಿದ್ದದ್ದು. ನನಗೆ ಅದರ ತಲೆಬುಡ ತಿಳಿಯದು, ‘ಹೌದೇನೋ?’ ಎಂದೆ.

ಆಂಟಿಯೇ ಎರವಲು ಕೊಟ್ಟ ಗುಂಡನೆಯ ಅಲ್ಯೂಮಿನಿಯಂ ಓವನ್ನಿನಲ್ಲಿ ತಟ್ಟೆ ಇಟ್ಟ. ಮುಚ್ಚಳದ ಗಾಜಿನ ಕಿಂಡಿಗೆ ಕಣ್ಣಿಟ್ಟು ನಿಂತು ಹತ್ತು ನಿಮಿಷ ಆಗಿರಲಿಲ್ಲ, ಕರೆಂಟು ಹೋಯಿತು. ಅದು ಆ ದಿನಗಳಲ್ಲಿ ಹೊಸತೇನಲ್ಲ. ಒಂದು ಗಂಟೆ ಹೋಗಬಹುದು, ಎರಡು ಗಂಟೆಯೂ ಹೋಗಬಹುದು. ಮೋಂಬತ್ತಿಯ ಬೆಳಕಿನಲ್ಲಿ ಅವನ ಮುಖ ನೋಡಿದೆ. ಫಲಿತಾಂಶದ ದಿನದ ಮುಖವೇ. ‘ನಾನು ಮಾಡಿದ್ದೆಲ್ಲ ಹೀಗೇ’ ಎಂದು ಗೊಣಗಿದ.

ಆಗ ಹಜಾರದಿಂದ ದನಿ ಬಂತು. ‘ಜರಡಿ ತಗೊಂಡು ಬಾರೋ.’

ಹೇಳಿದ್ದು ನನಗಲ್ಲ, ನೇರವಾಗಿ ಅವನಿಗೆ. ನಮ್ಮವರು ದಾವಣಗೆರೆಯವರು. ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿನಲ್ಲಿ ಅಕ್ಕಿ ಅರಳುವುದನ್ನು ನೋಡುತ್ತ ಬೆಳೆದವರು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರು, ರಸ್ತೆಗೆ ಮರಳು ಸುರಿದಿತ್ತು. ಕಾವಲಿನವನನ್ನು ಕೇಳಿ, ಅಪ್ಪ ಮೋಂಬತ್ತಿ ಹಿಡಿದು, ಮಗ ಜರಡಿ ಹಿಡಿದು, ನಡುರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಮರಳು ಜರಡಿ ಹಿಡಿದರು. ನಾನು ಕಿಟಕಿಯಲ್ಲಿ ನಿಂತಿದ್ದೆ. ಏನು ಮಾತಾಡಿದರೋ ಕೇಳಲಿಲ್ಲ. ಮಾತಂತೂ ಆಡಿದರು.

ಮಳೆಗೆ ನೆಂದ ಮರಳು. ಮೊದಲು ಹಳೆಯ ಬಾಣಲೆಯಲ್ಲಿ ಹುರಿದು ಒಣಗಿಸಿದರು. ತಳ ದಪ್ಪಗಿರುವ ಹಳೇ ದಬರಿಯಲ್ಲಿ ಎರಡು ಬೆರಳು ಎತ್ತರ ಮರಳು ಹರವಿ, ನಡುವೆ ಪಾತ್ರೆ ಇಡುವ ಸಿಂಬಿ, ಮೇಲೆ ಭಾರದ ಮುಚ್ಚಳ. ಹತ್ತು ನಿಮಿಷ ಕಾಸಿ ತಟ್ಟೆ ಇಳಿಸಿ, ಸಣ್ಣ ಉರಿಯಲ್ಲಿ ನಲವತ್ತು ನಿಮಿಷ. ಮರಳು ನಿಧಾನವಾಗಿ ಕಾದು, ಕಾವನ್ನು ಸಮನಾಗಿ ಹಿಡಿದಿಡುತ್ತದೆ, ತಳ ಸೀಯುವುದಿಲ್ಲ. ಓವನ್ ಇಲ್ಲದ ಮನೆಯವರು ಹೀಗೇ ಮಾಡಬಹುದು. ಮಕ್ಕಳು ಮಾಡುವಾಗ ದೊಡ್ಡವರೊಬ್ಬರು ಮನೆಯಲ್ಲಿರಲಿ. ಮನೆಯಲ್ಲಿ ಎಂದೆ, ಬೆನ್ನ ಹಿಂದೆ ಅಲ್ಲ.

ಅಕ್ಟೋಬರಿನಲ್ಲಿ ಅವನು ಪಾಸಾದ, 41 ಅಂಕ. ಸೇಬಿಗೂ ಅದಕ್ಕೂ ಸಂಬಂಧ ಕಟ್ಟಲು ನಾನು ತಯಾರಿಲ್ಲ, ಓದಿದ, ಬರೆದ.

ಆ ರಾತ್ರಿ ಮುಚ್ಚಳ ತೆಗೆದಾಗ ಎದ್ದ ಪರಿಮಳಕ್ಕೆ ಎದುರು ಮನೆಯ ಆಂಟಿಯೂ ಬಂದರು. ಕರೆಂಟು ಇನ್ನೂ ಬಂದಿರಲಿಲ್ಲ. ಕತ್ತಲಲ್ಲಿ ಮುಚ್ಚಳ ಎತ್ತುವಾಗ ಎಲ್ಲೋ ಒಂದಿಷ್ಟು ಮರಳು ಸಿಡಿದಿತ್ತೆಂದು ಕಾಣುತ್ತದೆ. ನಮ್ಮವರು ಎರಡನೆಯ ಚಮಚ ಬಾಯಿಗಿಟ್ಟಾಗ ಕಟಕ್ ಎಂದ ಸದ್ದು ನಮಗೆಲ್ಲ ಕೇಳಿಸಿತು. ಮಗ ಉಸಿರು ಬಿಗಿಹಿಡಿದು ಅಪ್ಪನ ಮುಖವನ್ನೇ ನೋಡುತ್ತಿದ್ದ.

‘ಚಕ್ಕೆ ಇರಬೇಕು’ ಎಂದು ಹೇಳಿ ಅವರು ನುಂಗಿ, ತಟ್ಟೆಯನ್ನು ಮತ್ತೆ ಮುಂದಕ್ಕೆ ಚಾಚಿದರು.