ಬಿಜ್ಜರಗಿಯ ಚಳಿ, ಹಿತ್ತಲ ಕೋಳಿ

ವಿಜಯಪುರದಿಂದ ಪಶ್ಚಿಮಕ್ಕೆ ತಿಕೋಟಾ ದಾಟಿ ಸಾಗಿದರೆ ಬಿಜ್ಜರಗಿ. ಡಿಸೆಂಬರಿನಲ್ಲಿ ಹೊರಟವರಿಗೆ ದಾರಿಯಲ್ಲಿ ಕಾಣುವುದು ದ್ರಾಕ್ಷಿ ಚಪ್ಪರ, ಎದ್ದು ನಿಂತ ಬಿಳಿಜೋಳ. ಎಳ್ಳ ಅಮಾವಾಸ್ಯೆಯ ಈ ದಿನಗಳಲ್ಲಿ ನಸುಕಿನ ಚಳಿ ಕವದಿಯೊಳಗೂ ನುಗ್ಗುತ್ತದೆ. ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕಿದ ಮನೆಗಳಲ್ಲಿ ಆಗ ಒಂದು ಮಾತು ಏಳುತ್ತದೆ: “ತತ್ತಿ ಇಡೂದು ಬಿಟ್ಟಾವ, ಸಂತಿಗಿ ಒಯ್ದು ಮಾರಿಬಿಡೂಣು.”

ತತ್ತಿಯ ದುಡ್ಡು ಮಕ್ಕಳ ನೋಟುಬುಕ್ಕಿಗೆ ಆಗುವ ಮನೆಯಲ್ಲಿ ಈ ಅವಸರ ಸಹಜ. ಆದರೆ ಕೋಳಿ ಕಾವಿಗೆ ಕೂತಿಲ್ಲ, ರೋಗವೂ ಇಲ್ಲ ಎಂದಾದರೆ ಕಾರಣ ಚಳಿಗಿಂತ ಹೆಚ್ಚಾಗಿ ಹಗಲಿನದು. ಬೆಳಕಿನ ಅವಧಿ ನೋಡಿಯೇ ಕೋಳಿಯ ದೇಹ ತತ್ತಿಗೆ ಅಣಿಯಾಗುತ್ತದೆ. ಜೂನಿನಲ್ಲಿ ಇಲ್ಲಿ ಹಗಲು ಸುಮಾರು 13 ತಾಸು. ಡಿಸೆಂಬರ್ ಕೊನೆಗೆ 11. ಫಾರಂಗಳಲ್ಲಿ ದೀಪ ಹಚ್ಚಿ 16 ತಾಸು ಬೆಳಕು ಕೊಡುವುದು ಇದಕ್ಕೇ. ಹಗಲು ಕುಗ್ಗಿದಾಗ ಕೋಳಿ ಗರಿ ಉದುರಿಸುವುದೂ ಉಂಟು. ಆಗ ತಿಂದ ಪ್ರೋಟೀನು ಹೊಸ ಗರಿಗೇ ಹೋಗುತ್ತದೆ.

ಮಾಡಬೇಕಾದ್ದು ಬಹಳವಿಲ್ಲ. ಗೂಡಿಗೆ ಒಣ ಹೊಟ್ಟು ಹಾಸಿ. ಗಾಳಿ ಬೀಸುವ ಬದಿಗೆ ಗೋಣಿಚೀಲ ಕಟ್ಟಿ, ಮೇಲೆ ಕಿಂಡಿ ಬಿಡಿ. ಹಸಿ ಗೂಡು ಚಳಿಗಿಂತ ಕೆಟ್ಟದ್ದು. ಸಂಜೆ ಒಂದು ಹಿಡಿ ಜೋಳ, ಜೊತೆಗೆ ಬೂಸ್ಟು ಹಿಡಿಯದ ಗಾಣದ ಹಿಂಡಿ ಹಾಕಿ. ಕೊಕ್ಕರೆ ರೋಗದ ಲಸಿಕೆಗೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಸೂರ್ಯ ಹುಟ್ಟುವ, ಮುಳುಗುವ ಹೊತ್ತನ್ನೂ ದಿನದ ತತ್ತಿಯನ್ನೂ ಒಂದೇ ಪುಟದಲ್ಲಿ ಬರೆದಿಡಲಿ. ಸಂಕ್ರಾಂತಿ ಕಳೆದು ಹಗಲು ಬೆಳೆದಂತೆ ಲೆಕ್ಕ ಹೇಗೆ ಏರುತ್ತದೆಂದು ಅವರೇ ಮನೆಯವರಿಗೆ ತೋರಿಸಬಹುದು. ಅಲ್ಲಿಯವರೆಗೆ ಕೋಳಿಯನ್ನು ಸಂತೆಗೆ ಒಯ್ಯುವುದು ಬೇಡ.