ಬಡ್ಡಿ ಎಂಬ ಫಂಕ್ಷನ್

ಕಲಾ ವಿಭಾಗದವನಿಗೆ ಫೋರ್ಟ್ರಾನ್ ಏಕೆಂದು ಮಿತ್ರರು ನಗುವುದುಂಟು. ಅರ್ಥಶಾಸ್ತ್ರದೊಡನೆ ಗಣಿತವನ್ನೂ ಓದುತ್ತಿರುವ ನನಗೆ ಅದರ ಮೋಹ ತಪ್ಪಲಿಲ್ಲ. 1957ರಲ್ಲಿ ಜಾನ್ ಬ್ಯಾಕಸ್ ಮತ್ತು ಆತನ ಸಂಗಡಿಗರು ಐಬಿಎಂ 704 ಯಂತ್ರಕ್ಕಾಗಿ ರಚಿಸಿದ ಭಾಷೆಯಿದು. ಗಣಿತಸೂತ್ರಗಳನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ದುಭಾಷಿ.

ವರ್ಗಮೂಲ ಮೊದಲಾದುವು ಅದರಲ್ಲಿ ಸಿದ್ಧವಾಗಿಯೇ ಇವೆ. ಬಡ್ಡಿ ಬೇಕಾದವನು ಮಾತ್ರ ತಾನೇ ಫಂಕ್ಷನ್ ಬರೆದುಕೊಳ್ಳಬೇಕು. 1958ರ ಎರಡನೆಯ ಆವೃತ್ತಿಯಿಂದ ಹಲವು ಸಾಲುಗಳ ಫಂಕ್ಷನನ್ನು ಪ್ರತ್ಯೇಕವಾಗಿ ಬರೆಯುವ ಅನುಕೂಲ ದೊರೆಯಿತು. ಅಸಲು, ದರ, ತಿಂಗಳು ಇವನ್ನು ಒಳಗೆ ಕಳುಹಿಸಿದರೆ ಫಂಕ್ಷನಿನ ಹೆಸರಿನಲ್ಲೇ ಉತ್ತರ ಹೊರಬರುತ್ತದೆ.

ಆ ಹೆಸರಿನಲ್ಲಿಯೇ ಒಂದು ಸ್ವಾರಸ್ಯವಿದೆ. ಬೇರೇನೂ ಹೇಳದಿದ್ದರೆ, ರೋಮನ್ ಲಿಪಿಯ ಐ ಇಂದ ಎನ್ ವರೆಗಿನ ಅಕ್ಷರಗಳಿಂದ ಆರಂಭವಾಗುವ ಹೆಸರು ಪೂರ್ಣಾಂಕ, ಉಳಿದದ್ದು ದಶಮಾಂಶವುಳ್ಳದ್ದು. ಇಂಗ್ಲಿಷಿನಲ್ಲಿ 'ಇಂಟ್ರಸ್ಟ್' ಎಂದು ಹೆಸರಿಟ್ಟರೆ ಪೈಸೆಗಳೆಲ್ಲ ಉದುರಿ ಬರಿಯ ರೂಪಾಯಿ ಉಳಿಯುತ್ತದೆ. 'ಬಡ್ಡಿ' ಎಂದಿಟ್ಟರೆ ಬಿ ಅಕ್ಷರದ ದೆಸೆಯಿಂದ ಪೈಸೆಯೂ ಉಳಿಯುತ್ತದೆ. ಕನ್ನಡದಿಂದ ಇಷ್ಟಾದರೂ ಲಾಭವಾಯಿತಲ್ಲ! ಇನ್ನೊಂದು ಮಾತು: 3ನ್ನು 100ರಿಂದ ಭಾಗಿಸೆಂದು ಬರೆದರೆ, ಎರಡೂ ಪೂರ್ಣಾಂಕಗಳಾದ್ದರಿಂದ ಉತ್ತರ ಸೊನ್ನೆ. 3.0 ಎಂದು ಚುಕ್ಕೆಯಿಟ್ಟೇ ಬರೆಯಬೇಕು. ಇದು ಇಂದಿಗೂ ಹೀಗೆಯೇ. ಸಾಲ ಮಾಡಿದವರು ಮೆಚ್ಚುವ ಗಣಿತ.

ಫೋರ್ಟ್ರಾನ್ 90 ಬಂದ ಮೇಲೆ, 'ಇಂಪ್ಲಿಸಿಟ್ ನನ್' ಎಂದು ಮೊದಲೇ ಬರೆದುಬಿಟ್ಟರೆ ಹೆಸರು ನೋಡಿ ಜಾತಿ ಊಹಿಸುವ ಪದ್ಧತಿ ರದ್ದಾಗುತ್ತದೆ. (ನಮ್ಮ ಊರಿಗೂ ಇಂಥದೊಂದು ಸಾಲು ಬೇಕಾಗಿದೆ.) ಹಳೆಯ ಫಂಕ್ಷನಿಗೆ ತನಗೆ ಕೊಟ್ಟ ಅಸಲನ್ನೇ ತಿದ್ದುವ ಸ್ವಾತಂತ್ರ್ಯವಿತ್ತು, ಈಗ 'ಇಂಟೆಂಟ್ ಇನ್' ಎಂದರೆ ಮುಟ್ಟುವಂತಿಲ್ಲ. ಫಂಕ್ಷನನ್ನು ಮಾಡ್ಯೂಲಿನಲ್ಲಿಟ್ಟರೆ, ದರವಿರಬೇಕಾದ ಕಡೆ ತಿಂಗಳು ಕೊಟ್ಟಾಗ, ಎರಡರ ಜಾತಿ ಬೇರೆಯಾಗಿದ್ದರೆ, ಕಂಪೈಲರ್ ಅಲ್ಲಿಯೇ ತಡೆಯುತ್ತದೆ.

ನನ್ನ ಓದಿಗೆಂದು ಅಪ್ಪ 40,000 ರೂಪಾಯಿ ಸಾಲ ತಂದಿದ್ದರು. ತಿಂಗಳಿಗೆ ನೂರಕ್ಕೆ 3ರ ಬಡ್ಡಿ. ಮಳೆ ಕೈಕೊಟ್ಟು ಎರಡು ವರ್ಷ ಏನನ್ನೂ ಕಟ್ಟಲಾಗಲಿಲ್ಲ. ಕೊಟ್ಟವರು 81,000 ಚಿಲ್ಲರೆ ಎಂದರು. ಶಾಲೆಯ ಮೆಟ್ಟಿಲು ಹತ್ತದ ಅಪ್ಪ ಬೆರಳೆಣಿಸಿ 68,800 ಎಂದರು. ನಾನು ಎರಡು ಫಂಕ್ಷನ್ ಬರೆದೆ. ಸರಳಬಡ್ಡಿಯದು ಅಪ್ಪನ ಅಂಕಿಯನ್ನೇ ಕೊಟ್ಟಿತು. ಚಕ್ರಬಡ್ಡಿಯದು 81,311 ರೂಪಾಯಿ 76 ಪೈಸೆ. ಇಬ್ಬರ ಗುಣಾಕಾರವೂ ಸರಿಯೇ. "ಬಡ್ಡಿಗೆ ಬಡ್ಡಿ ಅಂತ ಮಾತೇ ಆಗಿರಲಿಲ್ಲ ಕಣಪ್ಪ," ಎಂದರು ಅಪ್ಪ. ತಿಂಗಳು ತಿಂಗಳಿನ ಲೆಕ್ಕವಿದ್ದ ಹಾಳೆಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಅವರ ಮನೆಗೆ ಹೋದರು. 70,000ಕ್ಕೆ ಮುಗಿಸೋಣವೆಂಬ ಮಾತು ಈಗ ನಡೆದಿದೆ.