ಹೆಸರು ಬೇಡ, ಪ್ಯಾಟ್ರೋಲ್ ಸಾಕು

ಪ್ರೀತಿಯ ಪುಟ್ಟಿಗೆ,

ಟೆಕ್ಸಸ್‌ನಲ್ಲಿ ನಿನ್ನ ಮಗನ ಸ್ಕೌಟ್ ಟ್ರೂಪಿನ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನಿನ್ನ ಹೆಗಲಿಗೆ ಬಿತ್ತೆಂದು ಕೇಳಿ ಖುಷಿಯಾಯಿತು. "ಒಂದು ಫೋಟೊ ಹಾಕೋಕೂ ಎಲ್ಲರ ಅಪ್ಪ-ಅಮ್ಮನ್ನ ಕೇಳ್ಬೇಕು ದೊಡ್ಡಪ್ಪ" ಅಂತ ಫೋನಿನಲ್ಲಿ ಗೊಣಗಿದೆಯಲ್ಲ, ಈ ಪತ್ರ ಅದಕ್ಕೇ.

ನಾನು ಸ್ಕೌಟ್ ಮಾಸ್ಟರ್ ಆಗಿದ್ದಾಗ ನಮ್ಮ ದಾವಣಗೆರೆ ಕಡೆಯ ಕೊಂಡಜ್ಜಿಯಲ್ಲಿ ಸ್ಕೌಟ್ ಕ್ಯಾಂಪ್ ಮುಗಿದರೆ ಒಂದು ಗ್ರೂಪ್ ಫೋಟೊ ಇರಲೇಬೇಕಿತ್ತು. ಕೆಳಗೆ 'ನಿಂತವರು', 'ಕುಳಿತವರು' ಅಂತ ಇನಿಷಿಯಲ್ ಸಮೇತ ಎಲ್ಲರ ಹೆಸರು ಬರೆಸಿ, ಕಟ್ಟು ಹಾಕಿಸಿ, ಹೆಡ್‌ಮಾಸ್ಟರ್ ಕೋಣೆಯಲ್ಲಿ ತೂಗುಹಾಕುತ್ತಿದ್ದೆವು. ಆ ಕೋಣೆಗೆ ಬಂದುಹೋಗುವವರೆಲ್ಲ ಜವಾನನಿಗೂ ಗುರುತು. ನಿನ್ನ ಪುಟಕ್ಕೆ ಬರುವವರ ಗುರುತು ಯಾರಿಗಿದೆ ಹೇಳು? ಮುಖ, ಪೂರ್ತಿ ಹೆಸರು, ಊರು ಮೂರೂ ಒಂದೇ ಕಡೆ ಸಿಕ್ಕರೆ ಅಪರಿಚಿತನೂ ಮಗುವನ್ನು ಹೆಸರು ಹಿಡಿದು ಕರೆಯಬಲ್ಲ.

ಹಾಗಂತ ಫೋಟೊ ಕೆಳಗೆ ಖಾಲಿ ಬಿಡಬೇಕಿಲ್ಲ. 1907ರಲ್ಲಿ ಬ್ರೌನ್‌ಸೀ ದ್ವೀಪದ ಮೊದಲ ಸ್ಕೌಟ್ ಶಿಬಿರದಲ್ಲಿ ಸ್ಕೌಟಿಂಗ್ ಸ್ಥಾಪಕ ಬೇಡನ್ ಪೊವೆಲ್ ಹುಡುಗರನ್ನು ತೋಳ, ಗೂಳಿ ಇತ್ಯಾದಿ ಹೆಸರಿನ ಸಣ್ಣ ತಂಡಗಳಾಗಿ, ಅಂದರೆ ಪ್ಯಾಟ್ರೋಲ್‌ಗಳಾಗಿ, ಹಂಚಿದ್ದರು. ಆ ಪದ್ಧತಿ ಈಗ ನಿನ್ನ ಕೈಹಿಡಿಯುತ್ತದೆ. 'ತೋಳ ಪ್ಯಾಟ್ರೋಲ್‌ನವರು ಅನ್ನದ ಗಂಜಿ ಬಸಿಯುತ್ತಿರುವುದು' ಎಂದು ಬರೆದರೆ ಮಕ್ಕಳಿಗೆ ತಾವು ಯಾರೆಂದು ಗೊತ್ತಾಗುತ್ತದೆ, ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕ್ಯಾಂಪಿನ ಫೋಟೊಗಳನ್ನು ಮಕ್ಕಳು ಮನೆ ಸೇರಿದ ಮೇಲೆ ಹಾಕು. ಯಾವ ದಿನ ಯಾವ ಕಾಡಿನಲ್ಲಿರುತ್ತಾರೆ ಎಂಬುದು ಮನೆಯವರಿಗೆ ತಿಳಿದರೆ ಸಾಕು.

ಒಪ್ಪಿಗೆಯ ವಿಷಯ. ನಿಮ್ಮಲ್ಲಿ ಮಕ್ಕಳ ಆನ್‌ಲೈನ್ ಖಾಸಗಿತನದ ಕಾಯ್ದೆ ವಾಣಿಜ್ಯ ಸೈಟ್‌ಗಳಿಗೆ ಹಾಕಿರುವ ಗೆರೆ 13 ವರ್ಷ. ನಮ್ಮ ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬುವವರೆಗೂ ಮಗುವೇ. ನೀನು ನಮ್ಮೂರಿನ ಲೆಕ್ಕವನ್ನೇ ಹಿಡಿ. 11ರಿಂದ 17ರವರೆಗಿನ ಟ್ರೂಪಿನ ಮಕ್ಕಳೆಲ್ಲ ಅದರೊಳಗೆ ಬರುತ್ತಾರೆ. ಒಪ್ಪಿಗೆ ಬರಹದಲ್ಲಿರಲಿ. ಕೊಟ್ಟವರು ಆಮೇಲೆ ಬೇಡವೆಂದರೆ, ಕಾರಣ ಕೇಳದೆ ಅವತ್ತೇ ಫೋಟೊ ತೆಗೆದುಬಿಡು.

ನನಗೆ ಬಹಳ ಹಿಡಿಸಿದ್ದು ನಿಮ್ಮ ಸ್ಕೌಟ್ ಸಂಸ್ಥೆಯ ಇನ್ನೊಂದು ನಿಯಮ: ದೊಡ್ಡವರೊಬ್ಬರು ಮಗುವೊಂದರ ಜತೆ ಖಾಸಗಿಯಾಗಿ ಮೆಸೇಜ್ ಮಾಡುವಂತಿಲ್ಲ, ಇನ್ನೊಬ್ಬ ಲೀಡರ್ ಅಥವಾ ಪೋಷಕರು ಅದರಲ್ಲಿ ಇರಲೇಬೇಕು. "ನನ್ನ ಮೇಲೆ ನಂಬಿಕೆಯಿಲ್ಲವಾ?" ಎಂದು ಯಾರಾದರೂ ಮುನಿಸಿಕೊಂಡಾರು. ಮುನಿಸಿಕೊಳ್ಳಲಿ ಬಿಡು. ಒಳ್ಳೆಯವರ ಹೆಸರನ್ನೂ ಆ ನಿಯಮವೇ ಕಾಯುವುದು.

ಕೊನೆಯದಾಗಿ, ಸೈಟಿನ ವಿಳಾಸವನ್ನು ನಿನ್ನ ಸ್ವಂತ ಹೆಸರಿನಲ್ಲಿ, ನಿನ್ನ ಕಾರ್ಡಿನಲ್ಲಿ ಕೊಳ್ಳಬೇಡ, ಟ್ರೂಪಿನ ಹೆಸರಿನಲ್ಲಿರಲಿ. ಪಾಸ್‌ವರ್ಡ್ ಇನ್ನೊಬ್ಬರಿಗೂ ಗೊತ್ತಿರಲಿ. ಮಗ 18 ದಾಟಿ ಟ್ರೂಪ್ ಬಿಡುತ್ತಾನೆ, ನೀವು ಬೇರೆ ಊರಿಗೆ ಹೋಗುತ್ತೀರಿ. ನಿನ್ನ ನಂತರ ಬರುವ ಅಮ್ಮನೋ ಅಪ್ಪನೋ ನಿನಗೆ ಫೋನ್ ಮಾಡುವ ಪ್ರಮೇಯವೇ ಬರದಿದ್ದರೆ, ನೀನು ಕೆಲಸ ಚೆನ್ನಾಗಿ ಮಾಡಿದ್ದೀಯ ಅಂತ ಅರ್ಥ.

ಇಂತಿ ನಿನ್ನ,
ದೊಡ್ಡಪ್ಪ